ಆಂತರಿಕ್ಷಜಲವೂ ಸೋಸುವ ಬಟ್ಟೆಯೂ

ಜಲವನ್ನು ವಿಭಾಗಿಸಿ ಅದರ ಗುಣದೋಷಗಳನ್ನು ಹೇಳುವಾಗ ಪ್ರಾಚೀನ ವೈದ್ಯಶಾಸ್ತ್ರಕಾರರು ಅಗ್ರಸ್ಥಾನವನ್ನು ಕೊಟ್ಟುದು ನದಿಗಲ್ಲ, ಬಾವಿಗಲ್ಲ, ಮುಗಿಲಿಗೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೪೫ನೆಯ ಅಧ್ಯಾಯವು ದ್ರವದ್ರವ್ಯಗಳನ್ನು ಕುರಿತದ್ದು. ಅದು ಪ್ರಾರಂಭವಾಗುವುದೇ ಆಂತರಿಕ್ಷಜಲದಿಂದ. ಆಕಾಶದಿಂದ ಬೀಳುವಾಗ ನೀರಿಗೆ ವ್ಯಕ್ತವಾದ ರಸವಿರುವುದಿಲ್ಲ. ನೆಲವನ್ನು ಮುಟ್ಟಿದ ಕೂಡಲೆ ಅದು ಆ ನೆಲದ ಗುಣವನ್ನು ಹೊಂದುತ್ತದೆ ಎಂಬುದು ಅಲ್ಲಿಯ ಸಿದ್ಧಾಂತ. ಧಾರ, ಕಾರ, ತೌಷಾರ, ಹೈಮ ಎಂದು ಆಂತರಿಕ್ಷಜಲವು ನಾಲ್ಕು ಬಗೆ. ಎಂದರೆ ಮಳೆಯ ನೀರು, ಆಲಿಕಲ್ಲಿನ ನೀರು, ಇಬ್ಬನಿಯ ನೀರು, ಹಿಮದ ನೀರು. ಇವುಗಳಲ್ಲಿ ಧಾರವೇ ಶ್ರೇಷ್ಠವಾದುದು. ಅದರಲ್ಲಿಯೂ ಗಾಂಗ, ಸಾಮುದ್ರ ಎಂದು ಎರಡು ಭೇದಗಳುಂಟು.

ಈ ಎರಡನ್ನು ಬೇರ್ಪಡಿಸಲು ಹೇಳಿರುವ ಪರೀಕ್ಷೆಯು ಬಹು ಸ್ವಾರಸ್ಯವಾದುದು. ಹಳಸದೆ, ಬಣ್ಣಗೆಡದೆ ಇರುವ ಶಾಲ್ಯನ್ನದ ಒಂದು ಮುದ್ದೆಯನ್ನು ಬೆಳ್ಳಿಯ ಪಾತ್ರೆಯಲ್ಲಿಟ್ಟು ಸುರಿಯುವ ಮಳೆಯಲ್ಲಿ ಒಂದು ಮುಹೂರ್ತಕಾಲ ಬಿಡಬೇಕು. ಅನ್ನವು ಹಾಗೆಯೇ ಇದ್ದರೆ ಆ ಮಳೆಯು ಗಾಂಗ, ಬಣ್ಣಗೆಟ್ಟು ಲೋಳೆಯಾದರೆ ಸಾಮುದ್ರ, ಅದನ್ನು ಹಿಡಿಯಬಾರದು. ಆಧುನಿಕ ರಸಾಯನಶಾಸ್ತ್ರದ ದೃಷ್ಟಿಯಿಂದ ಈ ಪರೀಕ್ಷೆಗೆ ಎಷ್ಟು ಬೆಲೆಯುಂಟೆಂದು ವಾದಿಸುವುದು ವ್ಯರ್ಥ. ಆಕಾಶದಿಂದ ಬಿದ್ದುದೆಲ್ಲವೂ ಶುದ್ಧವೆಂದು ಕಣ್ಣು ಮುಚ್ಚಿ ಕುಡಿಯದೆ, ಸಂಗ್ರಹಕ್ಕೆ ಮೊದಲು ಪರೀಕ್ಷೆಯೊಂದು ಆಗಲೇಬೇಕು ಎಂದು ಆ ವೈದ್ಯನಿಗೆ ತೋರಿದುದೇ ಇಲ್ಲಿ ಮುಖ್ಯವಾದುದು. ಗಾಂಗಜಲವು ಪ್ರಾಯಶಃ ಆಶ್ವಯುಜಮಾಸದಲ್ಲಿ ಬೀಳುವುದೆಂದೂ, ಆ ತಿಂಗಳಿನಲ್ಲಿ ಹಿಡಿದರೆ ಸಾಮುದ್ರವೂ ಗಾಂಗದಂತೆಯೇ ಆಗುವುದೆಂದೂ ಮುಂದೆ ಹೇಳಿದೆ. ಕನ್ನಡ ನಾಡಿನ ರೈತನು ಮಳೆಯನ್ನು ನಕ್ಷತ್ರದಿಂದ ಎಣಿಸುವವನು. ಅವನ ಲೆಕ್ಕದಲ್ಲಿ ಇದು ಹಸ್ತ, ಚಿತ್ತೆ, ಸ್ವಾತಿಗಳ ಕಾಲ. ಮೃಗಶಿರದಿಂದ ಮೊದಲಾದ ಮಳೆಗಳು ಆಕಾಶದ ಧೂಳನ್ನೂ ಮಾಳಿಗೆಯ ಕಸವನ್ನೂ ತೊಳೆದುಹಾಕಿದ ಮೇಲೆ ಬರುವ ಮಳೆ ಇದು. ಹೊಸ ಮಳೆಯ ವಿಷಯದಲ್ಲಿ ಸುಶ್ರುತನ ಮಾತು ಕಠಿನವಾಗಿದೆ. ಕೀಟ, ಮಲಮೂತ್ರ, ಕೊಳೆತ ಶವ, ಹುಲ್ಲು, ತರಗೆಲೆಗಳಿಂದ ಕೆಟ್ಟ ಹೊಸ ನೀರನ್ನು ಮಳೆಗಾಲದಲ್ಲಿ ಕುಡಿದವನಿಗೂ, ಅದರಲ್ಲಿ ಮಿಂದವನಿಗೂ ಒಳಗಿನ ಹೊರಗಿನ ರೋಗಗಳು ಬೇಗನೆ ಬರುವುವೆಂದು ಆತನು ಎಚ್ಚರಿಸಿರುವನು.

ಹಿಡಿಯುವ ಕ್ರಮವೂ ಅಲ್ಲಿಯೇ ಉಂಟು. ಶುಭ್ರವಾದ ಬಿಳಿಯ ವಸ್ತ್ರವನ್ನು ಅಗಲವಾಗಿ ಹರಡಿ ಅದರ ಒಂದು ಭಾಗದಿಂದ ತೊಟ್ಟಿಕ್ಕುವ ನೀರನ್ನಾಗಲಿ, ಮಾಳಿಗೆಯಿಂದ ಇಳಿಯುವ ನೀರನ್ನಾಗಲಿ, ಬೇರೆ ಶುಚಿಯಾದ ಪಾತ್ರೆಗಳಲ್ಲಿ ನೇರವಾಗಿ ಬಿದ್ದ ನೀರನ್ನಾಗಲಿ ಹಿಡಿದು, ಚಿನ್ನದ, ಬೆಳ್ಳಿಯ ಅಥವಾ ಮಣ್ಣಿನ ಪಾತ್ರೆಯಲ್ಲಿ ತುಂಬಿಡಬೇಕು. ಚಿನ್ನ ಬೆಳ್ಳಿಗಳು ಅರಮನೆಯ ಮಾತಾಯಿತು. ಆದರೆ ಅದೇ ವಾಕ್ಯದಲ್ಲಿ ಮಣ್ಣಿನ ಮಡಕೆಗೂ ಸ್ಥಾನವಿರುವುದರಿಂದ ಇದು ರಾಜವೈದ್ಯ ಮಾತ್ರವಲ್ಲ, ಗೃಹಸ್ಥನ ವೈದ್ಯವೂ ಹೌದು. ಮಲೆನಾಡಿನ ಮನೆಗಳ ಸೂರಿಗೆ ಕಟ್ಟಿದ ಸೀಳಿದ ಅಡಕೆಮರದ ದೋಣಿ, ತೊಟ್ಟಿಮನೆಯ ನಾಲ್ಕು ಮಾಡುಗಳಿಂದ ಅಂಗಳಕ್ಕೆ ಇಳಿಯುವ ಧಾರೆಗೆ ಒಡ್ಡಿದ ಹಂಡೆ ಕೊಪ್ಪರಿಗೆಗಳು, ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಇಟ್ಟ ಹರಿನಾಳಗಳು, ಇವೆಲ್ಲ ಆ ಎರಡನೆಯ ವಿಧಾನದ ಪರಿವಾರದವೇ.

ಹೀಗೆ ಹಿಡಿದ ನೀರು ಎಷ್ಟಾಗಬಹುದು? ಮಳೆಯನ್ನು ಅಳೆಯುವ ಯೋಚನೆಯೂ ಈ ದೇಶದಲ್ಲಿ ಹಳೆಯದು. ಅದು ಬೆಳಕಿಗೆ ಬಂದುದು ಕನ್ನಡ ನಾಡಿನಲ್ಲಿ. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಬಳಿ ಒಂದು ಅರತ್ನಿ, ಎಂದರೆ ೨೪ ಅಂಗುಲ, ಬಾಯಗಲದ ಕುಂಡವನ್ನು ಮಳೆಯ ಮಾನಕ್ಕಾಗಿ ಇಡಬೇಕೆಂಬ ವಿಧಿಯಿದೆ. ಒಣ ನಾಡಿಗೆ ೧೬ ದ್ರೋಣ, ಜವುಗು ನಾಡಿಗೆ ೨೪, ಅಶ್ಮಕದೇಶಕ್ಕೆ ಹದಿಮೂರುವರೆ, ಅವಂತಿಗೆ ೨೩ ಎಂದು ಮಳೆಯ ಪ್ರಮಾಣಗಳೂ ಇವೆ. ಕೌಟಿಲ್ಯನ ಗಮನವೆಲ್ಲ ಬಿತ್ತನೆಯ ಮೇಲೆ, ಕಂದಾಯದ ಮೇಲೆ. ಕುಡಿಯುವ ಕೊಡದ ಮೇಲಲ್ಲ. ಆದರೂ ಅಳತೆಯ ತತ್ತ್ವ ಒಂದೇ. ಇಂದಿನ ಮಾನದಲ್ಲಿ ಒಂದು ಚದರ ಮೀಟರು ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ೧೦೦ ಚದರ ಮೀಟರಿನ ಮಾಳಿಗೆಯುಳ್ಳ ಮನೆಗೆ ವರ್ಷಕ್ಕೆ ೫೦೦ ಮಿಲಿಮೀಟರು ಮಳೆಯಾದರೆ ೫೦,೦೦೦ ಲೀಟರು; ಐದನೆಯ ಒಂದು ಪಾಲು ಆವಿಯಾಗಿ, ಸಿಡಿದು ಹೋಯಿತೆಂದರೂ ೪೦,೦೦೦ ಉಳಿಯುತ್ತದೆ. ಐದು ಜನರ ಸಂಸಾರವೊಂದಕ್ಕೆ ಕುಡಿಯಲು ಅಡಿಗೆ ಮಾಡಲು ದಿನಕ್ಕೆ ೨೫ ಲೀಟರು ಬೇಕೆಂದರೆ ವರ್ಷಕ್ಕೆ ೯,೧೨೫ ಲೀಟರು. ಮಳೆ ಕಡಿಮೆಯೆಂದು ಕೊರಗುವ ಬಯಲುಸೀಮೆಯಲ್ಲಿಯೇ ಲೆಕ್ಕ ಹೀಗೆ.

ಅಪರಾಂತದೇಶದ ಮಳೆಗೆ ಮಾತ್ರ ಕೌಟಿಲ್ಯನು ಅಳತೆಯನ್ನು ಕೊಟ್ಟಿಲ್ಲ. ಅದು ಅಮಿತವೆಂದು ಬಿಟ್ಟಿರುವನು. ಅಪರಾಂತವೆಂದರೆ ಕೊಂಕಣದ ಕರಾವಳಿ. ಅಮಿತವಾಗಿ ಸುರಿದರೂ ಆ ಮಳೆಯು ನಾಲ್ಕು ತಿಂಗಳಿನದು. ಉಳಿದ ಎಂಟು ತಿಂಗಳು ಬಂಡೆ ಕಾಯುತ್ತದೆ. ಆ ಎಂಟು ತಿಂಗಳಿಗೆ ಮನುಷ್ಯನು ಮಾಡಿಕೊಂಡ ಏರ್ಪಾಟನ್ನು ಕಣ್ಣಾರೆ ನೋಡಬೇಕೆಂಬವರು ಮುಂಬಯಿಯ ಬಳಿಯ ಕನ್ಹೇರಿ ಗುಹೆಗಳಿಗೆ ಹೋಗಬೇಕು. ಕೃಷ್ಣಗಿರಿಯೆಂದು ಶಾಸನಗಳಲ್ಲಿ ಹೆಸರಾದ ಆ ಗುಡ್ಡದಲ್ಲಿ ನೂರಕ್ಕೆ ಮಿಕ್ಕ ಗುಹೆಗಳಿವೆ. ಕ್ರಿಸ್ತಶಕದ ಆರಂಭದ ಕಾಲದಿಂದ ಸಾವಿರ ವರ್ಷಗಳವರೆಗೆ ಅಲ್ಲಿ ಬೌದ್ಧ ಭಿಕ್ಷುಗಳು ವಾಸವಾಗಿದ್ದರು. ಅಮೋಘವರ್ಷ ನೃಪತುಂಗನ ಆಳ್ವಿಕೆಯ ಒಂಬತ್ತನೆಯ ಶತಮಾನದ ಶಾಸನಗಳೂ ಅಲ್ಲಿ ದೊರೆತಿವೆ. ಭಿಕ್ಷುವಿನ ಗುಹೆಯೆಂದರೆ ಒಂದು ಮಂಚ, ಒಂದು ಜಗಲಿ, ಅಂಗಳದ ಒಂದು ಮಗ್ಗುಲಲ್ಲಿ ಬಂಡೆಯಲ್ಲಿಯೇ ಕೊರೆದ ಒಂದು ನೀರಿನ ತೊಟ್ಟಿ. ಗುಡ್ಡದ ಮೈಮೇಲೆ ಕೊರೆದ ಸಣ್ಣ ಕಾಲುವೆಗಳು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದು ತೊಟ್ಟಿಗಳಿಗೆ ಇಳಿಸುತ್ತವೆ. ತೊಟ್ಟಿಯ ಒಡಲು ಬಂಡೆಯೊಳಗೆ ವಿಶಾಲ. ಬಾಯಿ ಮಾತ್ರ ಕೊಡ ಇಳಿಯುವಷ್ಟು ಕಿರಿದು. ಬಿಸಿಲು ಒಳಗೆ ಹೋಗದಿರುವುದರಿಂದ ನೀರು ಆರುವುದು ಕಡಿಮೆ, ಪಾಚಿ ಬೆಳೆಯುವುದೂ ಕಡಿಮೆ. ಗುಹೆಯೊಂದಕ್ಕೆ ತೊಟ್ಟಿಯೊಂದು ಎಂಬ ಈ ಯೋಜನೆಯನ್ನು ಮನೆಮನೆಯ ಮಳೆನೀರಿನ ಸಂಗ್ರಹವೆಂದೇ ಹೇಳಬೇಕು. ಮನೆಯು ಸನ್ಯಾಸಿಯದು, ಅಷ್ಟೇ ವ್ಯತ್ಯಾಸ.

ಈ ತೊಟ್ಟಿಗಳನ್ನು ಶಾಸನಗಳು 'ಪೊಢಿ' ಎಂದು ಕರೆಯುತ್ತವೆ. ವರ್ತಕರು, ಗೃಹಿಣಿಯರು, ಭಿಕ್ಷುಣಿಯರು ಪುಣ್ಯಾರ್ಥವಾಗಿ ಪೊಢಿಗಳನ್ನು ಕೊರೆಯಿಸಿ ತಮ್ಮ ಹೆಸರನ್ನು ಬರೆಯಿಸಿದರು. ಅವುಗಳಲ್ಲೊಂದು ಸಂಸ್ಕೃತ ಶಾಸನವು ಇತಿಹಾಸಕಾರರಿಗೆ ಬಹು ಪ್ರಿಯವಾದುದು. ಸಾತವಾಹನ ದೊರೆ ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿ, ಕಾರ್ದಮಕ ವಂಶದವಳು, ಒಬ್ಬ ಮಹಾಕ್ಷತ್ರಪನ ಮಗಳು. ಅವಳ ಸಂಬಂಧದ ಅಮಾತ್ಯನಾದ ಶತೇರಕನು ಒಂದು ಪಾನೀಯಭಾಜನವನ್ನು ದಾನ ಮಾಡಿದನೆಂದು ಅದು ಹೇಳುತ್ತದೆ. ಆ ಮಹಾಕ್ಷತ್ರಪನ ಹೆಸರು ಸವೆದು 'ರು' ಎಂಬ ಮೊದಲಕ್ಷರವೊಂದೇ ಉಳಿದಿದ್ದರೂ ಪಂಡಿತರು ಅವನನ್ನು ರುದ್ರದಾಮನೆಂದು ಗುರುತಿಸಿರುವರು. ಸೋತ ಸಾತಕರ್ಣಿಯನ್ನು ಬಂಧುತ್ವದ ಕಾರಣದಿಂದ ನಾಶಮಾಡಲಿಲ್ಲವೆಂದು ರುದ್ರದಾಮನು ಜುನಾಗಢದ ಬಂಡೆಯ ಮೇಲೆ ಕ್ರಿ. ಶ. ೧೫೦ರ ಸುಮಾರಿನಲ್ಲಿ ಬರೆಯಿಸಿದನಲ್ಲವೆ? ಆ ಶಾಸನವೂ ಒಡೆದ ಸುದರ್ಶನ ತಟಾಕವನ್ನು ಮತ್ತೆ ಕಟ್ಟಿಸಿದುದರ ನೆನಪಿಗೆ ಹುಟ್ಟಿದುದು. ಎರಡು ರಾಜವಂಶಗಳ ನಂಟಿಗೆ ಉಳಿದ ಸಾಕ್ಷಿಗಳು ಒಂದು ಕೆರೆ, ಒಂದು ನೀರಿನ ತೊಟ್ಟಿ.

ಇಲ್ಲಿಯವರೆಗೆ ಹಿಡಿಯುವ, ಇಡುವ ಮಾತಾಯಿತು. ತೊಟ್ಟಿಯಲ್ಲಿ ನಿಂತ ನೀರು ಮುಗಿಲ ನೀರಲ್ಲ. ಅದರಲ್ಲಿ ಹುಳು ಹುಟ್ಟುತ್ತದೆ, ಮಣ್ಣು ಸೇರುತ್ತದೆ. ಆದುದರಿಂದಲೇ ಸೋಸುವ ವಿಧಿ. ವಸ್ತ್ರದಿಂದ ಶೋಧಿಸಿದ ನೀರನ್ನು ಕುಡಿಯಬೇಕೆಂದು ಮನುವು ಸನ್ಯಾಸಿಗೆ ವಿಧಿಸಿರುವನು. ಬೌದ್ಧ ಭಿಕ್ಷುವಿನ ಎಂಟು ಪರಿಕರಗಳಲ್ಲಿ ಪರಿಸ್ರಾವಣ, ಎಂದರೆ ನೀರು ಸೋಸುವ ಬಟ್ಟೆ, ಒಂದು. ಈ ಬಟ್ಟೆಯ ವಿಷಯದಲ್ಲಿ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ದಾರುಣ ಪ್ರಸಂಗವಿದೆ. ಕೋಸಲದೇಶದ ದಾರಿಯಲ್ಲಿ ಇಬ್ಬರು ಭಿಕ್ಷುಗಳು ಹೋಗುತ್ತಿದ್ದರು. ಒಬ್ಬನ ದುರ್ನಡತೆಯನ್ನು ಇನ್ನೊಬ್ಬನು ಆಕ್ಷೇಪಿಸಿದುದರಿಂದ ಮೊದಲಿನವನಿಗೆ ಮನಸ್ಸಿನಲ್ಲಿ ಹಗೆಯಾಯಿತು. ಮುಂದೆ ಬಾಯಾರಿದ ಎರಡನೆಯವನು ಸೋಸುವ ಬಟ್ಟೆಯನ್ನು ಬೇಡಿದಾಗ ಅವನು ಕೊಡಲಿಲ್ಲ. ಸೋಸದ ನೀರನ್ನು ಕುಡಿಯಲೊಲ್ಲದೆ ಆ ಭಿಕ್ಷುವು ಬಾಯಾರಿಕೆಯಿಂದಲೇ ಸತ್ತನು. ಬೇಡಿದವನಿಗೆ ಬಟ್ಟೆಯನ್ನು ಕೊಡದಿರಬಾರದು, ಅದಿಲ್ಲದೆ ದೂರ ಪ್ರಯಾಣ ಹೊರಡಬಾರದು, ಇಲ್ಲದಿದ್ದ ಪಕ್ಷದಲ್ಲಿ ಸಂಘಾಟಿಯ ಸೆರಗಿನಿಂದಲಾದರೂ ಸೋಸಿ ಕುಡಿಯಬಹುದು ಎಂದು ಬುದ್ಧನು ಆಮೇಲೆ ನಿಯಮ ಮಾಡಿದನಂತೆ. ಈ ಕಡೆಯ ವಿನಾಯಿತಿಯಲ್ಲಿ ಬುದ್ಧನ ಲೋಕಜ್ಞಾನವಿದೆ. ೬೭೧ರಿಂದ ೬೯೫ರವರೆಗೆ ಸಂಚಾರದಲ್ಲಿದ್ದ ಚೀನೀ ಯಾತ್ರಿಕ ಇ-ತ್ಸಿಂಗನು ಭಾರತದ ವಿಹಾರಗಳಲ್ಲಿ ನೀರನ್ನು ಪರೀಕ್ಷಿಸುವ, ಸೋಸುವ, ಬಟ್ಟೆಯಲ್ಲಿ ಸಿಕ್ಕ ಜೀವಿಗಳನ್ನು ಮರಳಿ ನೀರಿಗೆ ಬಿಡುವ ಕ್ರಮಗಳಿಗೆ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು.

ಕನ್ನಡ ನಾಡಿನಲ್ಲಿ ಈ ಆಚಾರವನ್ನು ಮನೆಯ ಅಡಿಗೆಮನೆಯವರೆಗೆ ತಂದವರು ಜೈನರು. ಶ್ರಾವಕಾಚಾರದ ಸಂಪ್ರದಾಯದಲ್ಲಿ ಬಟ್ಟೆಗೆ ಅಳತೆಯುಂಟು: ಉದ್ದ ೩೬ ಅಂಗುಲ, ಅಗಲ ೨೪ ಅಂಗುಲ, ಅದನ್ನು ಇಮ್ಮಡಿಸಿ ಹಿಡಿಯಬೇಕು. ಸೋಸಿದ ನೀರು ಎರಡು ಘಳಿಗೆ ಮಾತ್ರ ಸೋಸಿದ ನೀರು; ಆಮೇಲೆ ಮತ್ತೆ ಸೋಸಬೇಕು. ಬಟ್ಟೆಯಲ್ಲಿ ಉಳಿದುದನ್ನು ಎಲ್ಲಿಯ ನೀರೋ ಅಲ್ಲಿಗೇ ತಿರುಗಿ ಬಿಡಬೇಕು. ನೆಲಕ್ಕೆ ಚೆಲ್ಲಿದರೆ ಜೀವಹಿಂಸೆ.

ಈ ವಿಧಿಗಳಲ್ಲಿ ಆರೋಗ್ಯದ ಮಾತು ಹೆಚ್ಚಾಗಿಲ್ಲವೆಂಬುದನ್ನು ಗಮನಿಸಬೇಕು. ಭಿಕ್ಷುವಾಗಲಿ ಶ್ರಾವಕನಾಗಲಿ ಬಟ್ಟೆಯನ್ನು ಹಿಡಿದುದು ಹುಳುವಿನಿಂದ ತನ್ನನ್ನು ಉಳಿಸಿಕೊಳ್ಳಲು ಅಲ್ಲ, ತನ್ನಿಂದ ಹುಳುವನ್ನು ಉಳಿಸಲು. ವೈದ್ಯನ ಹಾದಿ ಬೇರೆ. ಸುಶ್ರುತನು ಕಲುಷಿತ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಹೇಳುತ್ತಾ ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಮುತ್ತು, ಮಣಿ ಇವುಗಳ ಸಾಲಿನಲ್ಲಿ ವಸ್ತ್ರವನ್ನೂ ಇಟ್ಟಿರುವನು. ಮುತ್ತು ಮಣಿಗಳನ್ನು ಶ್ರೀಮಂತರಿಗೆ ಬಿಡಬಹುದು. ಮೊದಲು ಹೆಸರಿಸಿದ ಕತಕವು ಬಯಲುಸೀಮೆಯ ಒಣ ಕಾಡುಗಳಲ್ಲಿ ಬೆಳೆಯುವ ಚಿಲ್ಲದ ಮರ. ಅದು ಕಾಸರಕದ ಕುಲದ್ದೇ ಆದರೂ ಅದರ ಬೀಜವು ನಿರಪಾಯವೆಂದು ವೈದ್ಯರು ಬಳಸುತ್ತ ಬಂದಿರುವರು. ಮಣ್ಣಿನ ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇದು ರಾಡಿನೀರನ್ನು ತುಂಬಿಟ್ಟರೆ ಕೆಲವು ಘಳಿಗೆಗಳಲ್ಲಿ ಮಣ್ಣು ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಬೀಜದಲ್ಲಿರುವ ಲೋಳೆಯಂತಹ ಪದಾರ್ಥಗಳು ತೇಲುವ ಸೂಕ್ಷ್ಮ ಮಣ್ಣಿನ ಕಣಗಳನ್ನು ಒಂದಕ್ಕೊಂದು ಹತ್ತಿಸಿ ಭಾರವಾಗಿಸುವುದರಿಂದ ಹೀಗಾಗುತ್ತದೆ. ಈ ಬೀಜ ಎಷ್ಟು ಮನೆಮಾತಾಗಿದ್ದಿತೆಂಬುದಕ್ಕೆ ಸಾಹಿತ್ಯವೇ ಸಾಕ್ಷಿ. ವಿದ್ವಾಂಸರ ಸಂಗದಿಂದ ಮಂದನು ಚುರುಕಾಗುವುದಕ್ಕೆ ಕಾಳಿದಾಸನು ಮಾಳವಿಕಾಗ್ನಿಮಿತ್ರದಲ್ಲಿ ಇದನ್ನೇ ಉಪಮಾನವಾಗಿ ತಂದಿರುವನು. ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯಲ್ಲಿಯೂ ಇದರ ದೃಷ್ಟಾಂತವುಂಟು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಅಂಜನ, ಮುಸ್ತೆ, ಲಾವಂಚ, ನೆಲ್ಲಿಗಳೊಡನೆ ಕತಕಫಲವನ್ನು ಕೂಡಿಸಿದ ಚೂರ್ಣವನ್ನು ಬಾವಿಗೆ ಹಾಕಲು ಹೇಳಿರುವನು. ಸುಮಾರು ೧೦೨೫ರಲ್ಲಿ ಚಾಳುಕ್ಯ ಜಯಸಿಂಹನ ಆಸ್ಥಾನದ ಚಾವುಂಡರಾಯನು ಕನ್ನಡದಲ್ಲಿ ಲೋಕೋಪಕಾರವನ್ನು ಬರೆದಾಗ ನೆಲದೊಳಗಿನ ನೀರನ್ನು ಹುಡುಕುವ ವಿದ್ಯೆಗೂ ಅದರಲ್ಲಿ ಎಡೆ ದೊರೆಯಿತು.

ಆದರೆ ತಿಳಿಯಾದುದೆಲ್ಲ ಶುದ್ಧವಲ್ಲ. ಸುಶ್ರುತನು ತಿಳಿಗೊಳಿಸುವ ಸಾಧನಗಳನ್ನು ಒಂದು ಕಡೆ, ಕೆಟ್ಟ ನೀರಿನ ಶೋಧನವನ್ನು ಇನ್ನೊಂದು ಕಡೆ ಇಟ್ಟಿರುವುದನ್ನು ಓದುಗರು ಹಲವರು ಅಲಕ್ಷ್ಯ ಮಾಡುವರು. ಶೋಧನಕ್ಕೆ ಆತನು ಹೇಳುವುದು ಬೆಂಕಿಯ ಮೇಲೆ ಕಾಯಿಸುವುದು, ಬಿಸಿಲಿನಲ್ಲಿ ಕಾಯಿಸುವುದು, ಕಾದ ಕಬ್ಬಿಣದ ಗುಂಡನ್ನೋ ಮರಳನ್ನೋ ಹೆಂಟೆಯನ್ನೋ ಅದ್ದುವುದು. ಕಣ್ಣಿಗೆ ಕಾಣದ ದೋಷಕ್ಕೆ ಬೆಂಕಿಯೇ ಮದ್ದೆಂಬ ಈ ಭೇದವನ್ನು ಆಚಾರವು ಮರೆಯಿತು. ಬಟ್ಟೆ ಉಳಿಯಿತು, ಬೆಂಕಿ ಹಿಂದಾಯಿತು. ೧೮೮೪ರಲ್ಲಿ ಜರ್ಮನಿಯ ರಾಬರ್ಟ್ ಕೋಖನು ವಾಂತಿಭೇದಿಯ ಸೂಕ್ಷ್ಮಜೀವಿಯನ್ನು ಕಲ್ಕತ್ತೆಯ ಕೆರೆಯ ನೀರಿನಲ್ಲಿ ಕಂಡುಹಿಡಿದ ಮೇಲೆ ಬಟ್ಟೆಗೂ ಹೀನದಶೆ ಬಂದಿತು. ಅಷ್ಟು ಸೂಕ್ಷ್ಮವಾದ ಜೀವಿಯು ಯಾವ ನೂಲಿನ ಕಣ್ಣಿನಿಂದಲೂ ನುಸುಳಿ ಹೋಗುವುದೆಂದ ಮೇಲೆ ಸೋಸುವುದು ಮೂಢಾಚಾರವೆಂದು ವಿದ್ಯಾವಂತರು ಬಗೆದರು.

ಈ ತೀರ್ಪು ಪೂರ್ಣವಾಗಿ ನಿಲ್ಲಲಿಲ್ಲ. ನಾರುಹುಣ್ಣಿನ ಕಥೆ ಮೊದಲನೆಯದು. ೧೮೭೦ರ ಸುಮಾರಿನಲ್ಲಿ ರಷ್ಯದ ಫೆದ್ಚೆಂಕೊ ಎಂಬ ವಿದ್ವಾಂಸನು ಆ ಹುಳುವಿನ ಮರಿಯು ನೀರಿನಲ್ಲಿಯ ಸೈಕ್ಲಾಪ್ಸ್ ಎಂಬ ಅತಿಸಣ್ಣ ಜಂತುವಿನ ಹೊಟ್ಟೆಯಲ್ಲಿ ಬೆಳೆಯುವುದನ್ನು ತೋರಿಸಿದನು. ಆ ಜಂತು ಬಟ್ಟೆಯ ಕಣ್ಣಿಗಿಂತ ದೊಡ್ಡದು. ಮೆಟ್ಟಿಲುಬಾವಿಗಳ ನೀರನ್ನು ಕುಡಿಯುತ್ತಿದ್ದ ಕರ್ನಾಟಕದ ಹಳ್ಳಿಗಳೂ ಈ ರೋಗಕ್ಕೆ ತುತ್ತಾಗಿದ್ದವು. ೧೯೮೦ರ ದಶಕದಲ್ಲಿ ಮೊದಲಾದ ನಿರ್ಮೂಲನ ಕಾರ್ಯದಲ್ಲಿ ಬಟ್ಟೆಯಿಂದ ಸೋಸುವುದೂ ಒಂದು ಮುಖ್ಯ ಉಪಾಯವಾಯಿತು. ೧೯೯೬ರಲ್ಲಿ ರಾಜಸ್ಥಾನದಲ್ಲಿ ಕಡೆಯ ರೋಗಿ ಕಂಡುಬಂದನು. ೨೦೦೦ದಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಎರಡನೆಯದು ವಾಂತಿಭೇದಿಯದೇ. ಅದರ ಸೂಕ್ಷ್ಮಜೀವಿಯು ಕೆರೆಯ ನೀರಿನಲ್ಲಿ ಹೆಚ್ಚಾಗಿ ಒಂಟಿಯಾಗಿರದೆ ತೇಲುವ ಸಣ್ಣ ಜಂತುಗಳ ಮೈಗೆ ಅಂಟಿಕೊಂಡಿರುತ್ತದೆ. ಅಮೆರಿಕದ ರೀಟಾ ಕಾಲ್ವೆಲ್ಲರೂ ಅವರ ಸಹಚರರೂ ಬಾಂಗ್ಲಾದೇಶದ ಮತ್ಲಬ್ ಪ್ರಾಂತದ ಹಳ್ಳಿಗಳಲ್ಲಿ ಹೆಂಗಸರಿಂದ ಸೀರೆಯ ಬಟ್ಟೆಯನ್ನು ಮಡಿಸಿ ಕೊಡದ ಬಾಯಿಗೆ ಕಟ್ಟಿಸಿ ನೀರು ತುಂಬಿಸಿದರು. ವಾಂತಿಭೇದಿಯು ಸುಮಾರು ಅರ್ಧಕ್ಕೆ ಇಳಿಯಿತೆಂದು ೨೦೦೩ರಲ್ಲಿ ಪ್ರಕಟವಾಯಿತು. ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲೆಂದೂ ಅವರು ಕಂಡರು. ಒಗೆದು ಒಗೆದು ನೂಲು ಅರಳಿ ಕಣ್ಣುಗಳು ಕಿರಿದಾಗುತ್ತವೆ. ಹುಳುವನ್ನು ಉಳಿಸಲು ಹಿಡಿದ ಬಟ್ಟೆಯು ಎರಡು ಸಾವಿರ ವರ್ಷಗಳಿಂದ ಮನುಷ್ಯನನ್ನೂ ಒಂದಿಷ್ಟು ಉಳಿಸುತ್ತಿದ್ದಿರಬೇಕು. ಅರ್ಧ ಉಳಿಸಿತೆಂದರೆ ಅರ್ಧ ಉಳಿಸಲಿಲ್ಲ. ಆ ಅರ್ಧಕ್ಕೆ ಬೆಂಕಿ ಬೇಕಾಗಿದ್ದಿತು.

ಶುದ್ಧಿಯೆಂಬ ಶಬ್ದದ ಇನ್ನೊಂದು ಬಳಕೆಯನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ. ೧೯೨೭ರ ಮಾರ್ಚಿ ೨೦ರಂದು ಡಾಕ್ಟರ್ ಅಂಬೇಡಕರರು ಕೊಂಕಣದ ಮಹಾಡದಲ್ಲಿ ಸಾವಿರಾರು ಜನರೊಡನೆ ಚವದಾರ್ ಕೆರೆಯ ನೀರನ್ನು ಕುಡಿದರು. ಆಮೇಲೆ ಊರಿನ ಕೆಲವರು ಪಂಚಗವ್ಯದ ಕೊಡಗಳನ್ನು ಕೆರೆಗೆ ಸುರಿದು ಶುದ್ಧಿ ಮಾಡಿದರು. ಆ ಕೆರೆಯಲ್ಲಿ ದನಕರುಗಳು ಮೊದಲಿನಿಂದಲೂ ನೀರು ಕುಡಿಯುತ್ತಿದ್ದವು. ಶಾಸ್ತ್ರವನ್ನು ಓದಿದವರು ಈ ಪ್ರಸಂಗವನ್ನು ಸುಶ್ರುತನ ಪಕ್ಕದಲ್ಲಿಟ್ಟು ನೋಡಬೇಕು. ನೀರಿನ ದೋಷಗಳ ಪಟ್ಟಿಯಲ್ಲಿ ಆತನು ಕೀಟವನ್ನೂ ಶವವನ್ನೂ ಎಣಿಸಿದನು. ಬಾಯಾರಿದ ಮನುಷ್ಯನ ಕೈಯನ್ನು ಎಣಿಸಲಿಲ್ಲ. ಮುಗಿಲ ನೀರಾದರೋ ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರ ಸೂರಿನಿಂದಲೂ ಇಳಿಯುತ್ತಿದ್ದಿತು. ಕೆರೆಬಾವಿಗಳ ದಾರಿ ಮುಚ್ಚಿದ್ದವರಿಗೆ ಮಳೆಗಾಲವೊಂದೇ ಮನೆಯ ಬಾಗಿಲಿಗೆ ನೀರು ತಂದ ಕಾಲ. ಆದರೆ ತೊಟ್ಟಿಯನ್ನು ಕಟ್ಟಿಸುವ ಶಕ್ತಿಯಿಲ್ಲದ ಗುಡಿಸಲಿನಲ್ಲಿ ಅದು ಎಷ್ಟು ದಿನ ನಿಂತೀತು? ಕನ್ಹೇರಿಯ ಭಿಕ್ಷುಗಳಿಗೆ ಪೊಢಿ ಕೊರೆಯಿಸಿದ ದಾನಿಗಳಂತಹವರು ಅವರಿಗೆ ದೊರೆಯಲಿಲ್ಲ.

ನಲ್ಲಿಯೂ ಕೊಳವೆಬಾವಿಯೂ ಬಂದ ಮೇಲೆ ಸೂರಿನ ದೋಣಿಗಳು ಬಹುಮಟ್ಟಿಗೆ ಮರೆಯಾದವು. ಕೋಲಾರ, ತುಮಕೂರು, ಗದಗ, ರಾಯಚೂರು ಮೊದಲಾದ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಂಬ ದ್ರವ್ಯವು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದರಿಂದ ಹಲ್ಲು ಕಲೆಗಟ್ಟಿ ಮೂಳೆ ಸೆಡೆಯುವ ರೋಗ ಹಬ್ಬಿತು. ಈ ದೋಷಕ್ಕೆ ಬಟ್ಟೆ ನಿಷ್ಪ್ರಯೋಜಕ. ಬೆಂಕಿಯೂ ನಿಷ್ಪ್ರಯೋಜಕ, ಕಾಯಿಸಿದಷ್ಟೂ ನೀರು ಆವಿಯಾಗಿ ದೋಷವೇ ದಟ್ಟವಾಗುತ್ತದೆ. ಇದು ಬಂಡೆಯಿಂದ ಬರುವ ದೋಷ. ಬಂಡೆಯನ್ನು ಹಾಯದೆ ಮಾಳಿಗೆಯಿಂದಲೇ ಇಳಿದ ನೀರಿನಲ್ಲಿ ಇದಕ್ಕೆ ಅವಕಾಶವಿಲ್ಲ. ನೆಲವನ್ನು ಮುಟ್ಟಿದ ಕೂಡಲೆ ನೀರು ನೆಲದ ಗುಣವನ್ನು ಹೊಂದುತ್ತದೆಂದ ಹಳೆಯ ಸಿದ್ಧಾಂತಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ಬೇಕಿಲ್ಲ. ಬೆಂಗಳೂರಿನಲ್ಲಿಯಂತೂ ನೀರು ಸರಬರಾಜಿನ ಅಧಿನಿಯಮಕ್ಕೆ ೨೦೦೯ರಲ್ಲಿ ತಿದ್ದುಪಡಿಯಾಗಿ ಗೊತ್ತಾದ ಅಳತೆಯ ನಿವೇಶನಗಳ ಮನೆಗಳಿಗೆ ಮಳೆನೀರಿನ ಸಂಗ್ರಹವು ಕಡ್ಡಾಯವಾಯಿತು.

ಹೊಸ ಪದ್ಧತಿಯ ಮನೆಗಳಲ್ಲಿ ಮಾಳಿಗೆಯ ಕೊಳವೆಯು ನೇರವಾಗಿ ತೊಟ್ಟಿಗೆ ಹೋಗುವುದಿಲ್ಲ. ನಡುವೆ ಜಲ್ಲಿ, ಮರಳು, ಕೆಲವೆಡೆ ಇದ್ದಲು ತುಂಬಿದ ಶೋಧಕವೊಂದಿರುತ್ತದೆ. ಅದಕ್ಕೂ ಮೊದಲು ಕೊಳವೆಗೆ ಒಂದು ಕವಲನ್ನು ಇಟ್ಟು, ಮೊದಲ ಮಳೆಯು ಮಾಳಿಗೆಯ ಧೂಳನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದು ತಂದ ನೀರನ್ನು ಹೊರಗೆ ಚೆಲ್ಲುವರು. ಆ ಕವಲನ್ನು ತೆರೆಯಲು, ನೀರು ತಿಳಿಯಾದ ಮೇಲೆ ಮುಚ್ಚಲು, ಮಳೆ ಮೊದಲಾದಾಗ ಮನೆಯಲ್ಲಿ ಯಾರಾದರೂ ಒಬ್ಬರು ಎದ್ದು ಹೊರಗೆ ಬರಬೇಕು.